ಕೈರೋಪ್ರಾಕ್ಟಿಕ್ ಚಿಕಿತ್ಸೆಗೆ ಸರಕಾರದ ಪರವಾನಗಿ ಬೇಕೇ?

ಪೆರ್ಲದ ಮಾಸ್ತರ್: ನಮ್ಮ ಪೇಟೆಯ ಬಸ್ ನಿಲ್ದಾಣದ ಎದುರಿನ ಮಾಳಿಗೆಯಲ್ಲಿ ಕಳೆದ ತಿಂಗಳು ಹೊಸ ಬೋರ್ಡು ಬಂದಿದೆ. ಮೇಲೆ ಮಲಯಾಳ, ಕೆಳಗೆ ಕನ್ನಡ, ನಡುವೆ ಬೆನ್ನೆಲುಬಿನ ಚಿತ್ರ, ಹೆಸರಿನ ಮುಂದೆ ‘ಡಾ.’ ಎಂಬ ಅಕ್ಷರ. ಒಳಗೆ ಹೋಗಿ ನೋಡಿದರೆ ಗೋಡೆಯಲ್ಲಿ ತೂಗುತ್ತಿರುವುದು ಕೈರೋಪ್ರಾಕ್ಟಿಕ್, ಅಂದರೆ ಬೆನ್ನು, ಕುತ್ತಿಗೆಯ ಕೀಲುಗಳನ್ನು ಕೈಯಿಂದ ಒತ್ತಿ ತಿರುಗಿಸುವ ಚಿಕಿತ್ಸೆಯ ಹದಿನೈದು ದಿನಗಳ ತರಬೇತಿಯ ಸರ್ಟಿಫಿಕೇಟು. ವಿಶ್ವ ಆರೋಗ್ಯ ಸಂಸ್ಥೆಯ 2005ರ ಮಾರ್ಗಸೂಚಿ ಈ ವಿದ್ಯೆಗೆ ಕನಿಷ್ಠ 4,200 ಗಂಟೆಗಳ ಕಲಿಕೆಯನ್ನೂ ಅದರೊಳಗೆ 1,000 ಗಂಟೆಗಳ ಮೇಲ್ವಿಚಾರಣೆಯ ಅಭ್ಯಾಸವನ್ನೂ ಹೇಳುತ್ತದೆ. ಅಡಿಕೆ ತೂಗುವ ತಕ್ಕಡಿಗೆ ಸರಕಾರದ ಮುದ್ರೆ ಬೇಕು. ಮನುಷ್ಯನ ಕುತ್ತಿಗೆ ತಿರುಗಿಸುವ ಕೈಗೆ ಬೇಡವೇ?

ಮುಳ್ಳೇರಿಯದ ಭಟ್ಟ: ಗಂಟೆಗಳ ಲೆಕ್ಕ ಹೇಳಿದಿರಿ, ಮಾಸ್ತರೇ. ನನ್ನ ಅಜ್ಜ ಉಳುಕು ನೀವುವುದನ್ನು ಗಡಿಯಾರ ನೋಡಿ ಕಲಿತವರಲ್ಲ. ತೆಂಗಿನಮರದಿಂದ ಬಿದ್ದವರನ್ನು ಮಂಚದಲ್ಲಿ ಹೊತ್ತುಕೊಂಡು ಬಂದು ಅಂಗಳದಲ್ಲಿ ಇಳಿಸುತ್ತಿದ್ದರು, ಅವರಲ್ಲಿ ಹೆಚ್ಚಿನವರು ನಡೆದುಕೊಂಡೇ ಹಿಂದಿರುಗಿದರು. ಕುತ್ತಿಗೆ ತಿರುಗಿಸುವವರಿಗೆಲ್ಲ ಮುದ್ರೆ ಬೇಕೆಂದಾದರೆ ಮೊದಲು ಕ್ಷೌರದಂಗಡಿಗೆ ಹೋಗಿ. ಕ್ಷೌರ ಮುಗಿದ ಮೇಲೆ ಗಲ್ಲ ಹಿಡಿದು ಲಟಕ್ಕೆಂದು ನೆಟಿಕೆ ತೆಗೆಯುವವನಿಗೆ ಯಾವ ಮಂಡಳಿಯ ಪರವಾನಗಿ ಇದೆ?

ಕುಂಬಳೆ ಫಿಸಿಯೋ: ತಾವು ತಮಾಷೆಗೆಂದು ಹೇಳಿದ ಆ ನೆಟಿಕೆಯೇ ಅತ್ಯಂತ ಅಪಾಯದ್ದು. ಕುತ್ತಿಗೆಯ ಮೂಳೆಗಳ ಎರಡು ಬದಿಯ ರಂಧ್ರಗಳ ಮೂಲಕ ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ನಾಳಗಳಿವೆ. ಅವುಗಳ ಒಳಪದರ ಹರಿದು ರಕ್ತ ಹೆಪ್ಪುಗಟ್ಟಿದರೆ ಪಾರ್ಶ್ವವಾಯುವಾಗಬಹುದು. ‘ಲಟಕ್’ ಎಂದರೆ ಮೂಳೆ ಸರಿಯಾಗಿ ಕೂತಿತೆಂದು ಜನ ನಂಬುತ್ತಾರೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೆ ಬೆರಳನ್ನು ಎಳೆದು ನೋಡಿದಾಗ, ಆ ಸದ್ದಿನ ಹೊತ್ತಿಗೆ ಕೀಲಿನ ದ್ರವದಲ್ಲಿ ಒಂದು ಪೊಳ್ಳು ಉಂಟಾಗುವುದಷ್ಟೇ ಕಂಡಿತು.

ಉಪ್ಪಳ-ದುಬೈ: ಪಾರ್ಶ್ವವಾಯುವೆಂದು ಹೆದರಿಸುವವರು ಒಂಟಾರಿಯೊದ ಅಧ್ಯಯನವನ್ನು ಏಕೆ ಹೇಳುವುದಿಲ್ಲ? 2008ರಲ್ಲಿ ಪ್ರಕಟವಾದ ಅದರಲ್ಲಿ ಇಂತಹ 818 ಪ್ರಕರಣಗಳನ್ನು ನೋಡಿದ್ದಾರೆ. ಕೈರೋಪ್ರಾಕ್ಟರ್ ಬಳಿ ಹೋಗುವುದಕ್ಕೂ ಪಾರ್ಶ್ವವಾಯುವಿಗೂ ಕಂಡ ಸಂಬಂಧವೇ ಸಾಮಾನ್ಯ ವೈದ್ಯರ ಬಳಿ ಹೋದವರಲ್ಲಿಯೂ ಕಂಡಿದೆ. ದುಬೈಯಲ್ಲಿ ಆರೋಗ್ಯ ಪ್ರಾಧಿಕಾರದ ಲೈಸೆನ್ಸ್ ಇರುವವರ ಬಳಿ ನಾನು ಆರು ತಿಂಗಳು ಹೋಗಿದ್ದೇನೆ, ಲಾರಿ ಓಡಿಸುವ ನನ್ನ ಸೊಂಟ ಇಂದಿಗೂ ಸರಿಯಾಗಿದೆ.

ಕುಂಬಳೆ ಫಿಸಿಯೋ: ಆ ಅಧ್ಯಯನವನ್ನು ಪೂರ್ತಿ ಓದಿ, ಅಣ್ಣಾ. ನಾಳ ಮೊದಲೇ ಹರಿದು, ಆ ನೋವಿಗಾಗಿಯೇ ಜನ ಇಬ್ಬರಲ್ಲಿಗೂ ಹೋಗಿರಬೇಕೆಂಬುದು ಅದರ ವಿವರಣೆ. ಹಾಗಿದ್ದರೆ ಆ ನೋವನ್ನು ಗುರುತಿಸಿ, ಕುತ್ತಿಗೆಯನ್ನು ಮುಟ್ಟದೆ ಆಸ್ಪತ್ರೆಗೆ ಕಳುಹಿಸುವಷ್ಟು ಕಲಿತವರೇ ಅಲ್ಲಿರಬೇಕಲ್ಲವೇ? ತಾವು ಹೋದವರಿಗೂ ಲೈಸೆನ್ಸ್ ಇತ್ತೆಂದು ತಾವೇ ಬರೆದಿದ್ದೀರಿ.

ಹೊಸದುರ್ಗದ ವಕೀಲ: ಪರವಾನಗಿ ಬೇಕೆನ್ನುವವರು ಅದನ್ನು ಯಾರು ಕೊಡಬೇಕೆಂದೂ ಹೇಳಬೇಕು. ಸಹಾಯಕ ಆರೋಗ್ಯ ವೃತ್ತಿಗಳ ಕುರಿತ 2021ರ ಕೇಂದ್ರ ಕಾಯಿದೆಯ ಹತ್ತು ವರ್ಗಗಳಲ್ಲಿ ಫಿಸಿಯೋಥೆರಪಿ ಇದೆ, ಕೈರೋಪ್ರಾಕ್ಟಿಕ್ ಎಂಬ ವರ್ಗ ಇಲ್ಲ. ಭಟ್ಟರ ಅಜ್ಜನವರ ಬಗ್ಗೆ ನನಗೆ ಗೌರವವಿದೆ. ಆದರೆ ನೋಂದಣಿಯಿಲ್ಲದೆ ಚಿಕಿತ್ಸೆ ಮಾಡಲು ಅವಕಾಶ ಬೇಕೆಂದು ಕೇರಳದ ಪಾರಂಪರಿಕ ವೈದ್ಯರು ಸಲ್ಲಿಸಿದ್ದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟು 2018ರ ಏಪ್ರಿಲಿನಲ್ಲಿ ತಳ್ಳಿಹಾಕಿದೆ. ಅಲ್ಲಿ ಚರ್ಚೆಗೆ ಬಂದದ್ದು 1953ರ ತಿರುವಿದಾಂಕೂರು-ಕೊಚ್ಚಿ ಕಾಯಿದೆ.

ಮುಳ್ಳೇರಿಯದ ಭಟ್ಟ: 1953ರಲ್ಲಿ ಕಾಸರಗೋಡಿನ ನಾವು ತಿರುವಿದಾಂಕೂರಿನಲ್ಲಿ ಇರಲಿಲ್ಲ, ವಕೀಲರೇ, ಮದ್ರಾಸು ರಾಜ್ಯದ ದಕ್ಷಿಣ ಕನ್ನಡದಲ್ಲಿದ್ದೆವು. ನಮ್ಮನ್ನು ಕೇಳದೆ ಬರೆದ ಕಾಯಿದೆಯನ್ನು ನಮ್ಮ ಅಂಗಳಕ್ಕೆ ತರಬೇಡಿ.

ಹೊಸದುರ್ಗದ ವಕೀಲ: 1956ರ ನವೆಂಬರ್ 1ರಿಂದ ಕೇರಳದಲ್ಲಿದ್ದೇವೆ, ಇಡೀ ರಾಜ್ಯಕ್ಕೆ ಅನ್ವಯಿಸುವ ವೈದ್ಯವೃತ್ತಿ ಕಾಯಿದೆ 2021ರಲ್ಲಿ ಬಂದಿದೆ. ಗಡಿಯ ದುಃಖ ಬೇರೆ, ಗಡಿಯ ನೆಪ ಬೇರೆ.

ಮುಳ್ಳೇರಿಯದ ಭಟ್ಟ: ನೆಪವೆಂದಿರಿ, ಆಗಲಿ. ಕೈರೋಪ್ರಾಕ್ಟಿಕ್ಕನ್ನು 1895ರಲ್ಲಿ ಆರಂಭಿಸಿದ ಅಮೆರಿಕದ ಡಿ. ಡಿ. ಪಾಮರ್ ಎಂಬವನನ್ನೇ ಪರವಾನಗಿಯಿಲ್ಲವೆಂದು 1906ರಲ್ಲಿ ಜೈಲಿಗೆ ಹಾಕಿದ್ದರು. ಏಳೇ ವರ್ಷಗಳಲ್ಲಿ ಕನ್ಸಾಸ್ ರಾಜ್ಯ ಅದೇ ವಿದ್ಯೆಗೆ ಪರವಾನಗಿ ಕೊಟ್ಟಿತು. ವಿದ್ಯೆ ಬದಲಾಗಲಿಲ್ಲ, ಕಾಗದ ಬದಲಾಯಿತು. ಕ್ಷೌರಿಕನ ಪ್ರಶ್ನೆಗಂತೂ ಇನ್ನೂ ಯಾರೂ ಉತ್ತರಿಸಿಲ್ಲ. ತಂಗೀ, ನೀನಾದರೂ ಹೇಳು.

ಕುಂಬಳೆ ಫಿಸಿಯೋ: ನಾನು ತಮ್ಮ ತಂಗಿಯಲ್ಲ, ವಕೀಲರಿಗೆ ಬಹುವಚನ ಬಳಸುವವರು ನನಗೂ ಬಳಸಬಹುದು. ಕಳೆದ ಮಳೆಗಾಲದಲ್ಲಿ ಅಡಿಕೆ ಕೊಯ್ಯುವ ಒಬ್ಬರು ನನ್ನಲ್ಲಿಗೆ ಬಂದರು. ಕ್ಷೌರದ ಕೂದಲು ಇನ್ನೂ ಕಾಲರಿನಲ್ಲಿತ್ತು, ಹೆಗಲಲ್ಲಿ ಅಂಗಡಿಯ ಟವೆಲಿತ್ತು. ನೆಟಿಕೆ ತೆಗೆಸಿಕೊಂಡ ಅರ್ಧ ಗಂಟೆಯಲ್ಲಿ ತಲೆ ತಿರುಗು, ವಾಂತಿ, ಎಲ್ಲವೂ ಎರಡೆರಡಾಗಿ ಕಾಣುವುದು. ಮಸಾಜು ಮಾಡಿ ಎಂದರು. ನಾನು ಕೈ ಹಚ್ಚದೆ ಆಂಬ್ಯುಲೆನ್ಸ್ ಕರೆಸಿ ಮಂಗಳೂರಿಗೆ ಕಳುಹಿಸಿದೆ. ಪ್ರಶ್ನೆಗೆ ಉತ್ತರ ಇದು: ಕ್ಷೌರಿಕನಿಗೆ ಪರವಾನಗಿ ಬೇಡ, ಆ ಕೆಲಸವನ್ನೇ ನಿಲ್ಲಿಸಬೇಕು.

ಉಪ್ಪಳ-ದುಬೈ: ಟವೆಲಿನ ಸಮೇತ ಬಂದರೆಂದಿರಿ. ಕ್ಷೌರದಂಗಡಿಯವರು ಟವೆಲನ್ನು ಬಿಟ್ಟುಕೊಡುವುದನ್ನು ನಾನು ಕಂಡಿಲ್ಲ. ಇಂತಹ ಕತೆಗಳಿಂದ ಕಾಯಿದೆ ಮಾಡುವುದಾದರೆ ನನ್ನ ಸೊಂಟದ ಕತೆಯಿಂದಲೂ ಮಾಡಬಹುದು.

ಕುಂಬಳೆ ಫಿಸಿಯೋ: ವಾಂತಿ ಮಾಡುತ್ತಿದ್ದವರ ಹೆಗಲಿನಿಂದ ಟವೆಲ್ ಕಿತ್ತುಕೊಳ್ಳುವ ಅಂಗಡಿಯವರು ನಮ್ಮ ಕಡೆ ಇಲ್ಲ.

ಮುಳ್ಳೇರಿಯದ ಭಟ್ಟ: ನಿಲ್ಲಿಸಬೇಕಂತೆ! ಬಡ ಕ್ಷೌರಿಕನ ಕೈ ಕಟ್ಟಿಹಾಕಿ, ಮಾಳಿಗೆಯಲ್ಲಿ ಏಸಿ ಹಾಕಿ ಕುಳಿತವನಿಗೆ ಸರಕಾರಿ ಮುದ್ರೆ ಒತ್ತಿಕೊಡುವುದೇ ನಿಮ್ಮ ನ್ಯಾಯವೇ?

ಪೆರ್ಲದ ಮಾಸ್ತರ್: ಕ್ಷೌರಿಕನು ಹೆಸರಿನ ಮುಂದೆ ‘ಡಾ.’ ಹಾಕಿಕೊಂಡಿಲ್ಲ, ಡಿಸ್ಕ್ ಸರಿಪಡಿಸುತ್ತೇನೆಂದು ಹಣ ಪಡೆದಿಲ್ಲ. ವಕೀಲರೇ, ನಾನು ಕೇಳಿದ್ದು ಆ ಮಾಳಿಗೆಯ ಬೋರ್ಡಿನ ಬಗ್ಗೆ.

ಹೊಸದುರ್ಗದ ವಕೀಲ: ಕ್ಲಿನಿಕ್‌ಗಳ ನೋಂದಣಿಗೆ ಕೇರಳದಲ್ಲಿ 2018ರ ಕಾಯಿದೆಯಿದೆ, ತಲಪಾಡಿ ದಾಟಿದರೆ ಕರ್ನಾಟಕದ 2007ರ ಕಾಯಿದೆ. ಇಲ್ಲಿ ಬಾಗಿಲು ಮುಚ್ಚಿಸಿದರೆ ಚೆಕ್‌ಪೋಸ್ಟಿನ ಆಚೆ ಬೋರ್ಡು ತೂಗುತ್ತದೆ. ಅಮೆರಿಕದಲ್ಲಿ ರಾಜ್ಯಗಳಿಗೆ ಬಿಟ್ಟದ್ದರಿಂದ 1913ರಲ್ಲಿ ಕನ್ಸಾಸ್ ಒಪ್ಪಿದ್ದನ್ನು ಲೂಯಿಸಿಯಾನಾ ಒಪ್ಪಿದ್ದು 1974ರಲ್ಲಿ. ಅಲ್ಲದೆ, ಪರವಾನಗಿ ಕೊಟ್ಟ ಮರುದಿನವೇ ‘ಸರಕಾರ ಅಂಗೀಕರಿಸಿದ ಚಿಕಿತ್ಸೆ’ ಎಂದು ಆತ ಬೋರ್ಡಿನಲ್ಲಿ ಬರೆಸುತ್ತಾನೆ. ಅದಕ್ಕೆ ಮಾಸ್ತರರು ಸಿದ್ಧರಿದ್ದಾರೆಯೇ?

ಪೆರ್ಲದ ಮಾಸ್ತರ್: ಬರೆಸಲಿ. ಯಾರದ್ದಾದರೂ ಕುತ್ತಿಗೆ ಕೆಟ್ಟರೆ ದೂರು ಕೊಡಲು ಒಂದು ಕಚೇರಿಯಾದರೂ ಇರುತ್ತದೆ. ಬ್ರಿಟನ್ನಿನಲ್ಲಿ 1994ರ ಕಾಯಿದೆಯ ನಂತರ ನೋಂದಣಿಯಿಲ್ಲದೆ ‘ಕೈರೋಪ್ರಾಕ್ಟರ್’ ಎಂಬ ಹೆಸರನ್ನೇ ಹಾಕಿಕೊಳ್ಳುವಂತಿಲ್ಲ. ಅಂದಹಾಗೆ, ನಿನ್ನೆ ಸಂಜೆ ಆ ದಾರಿಯಲ್ಲಿ ಬರುವಾಗ ನೋಡಿದೆ: ‘ಡಾ.’ ಎಂಬುದರ ಮೇಲೆ ಬಿಳಿ ಕಾಗದ ಅಂಟಿಸಿದ್ದಾರೆ. ನಮ್ಮ ಚರ್ಚೆಯನ್ನು ಯಾರೋ ತೋರಿಸಿರಬೇಕು. ಮೊದಲ ಭೇಟಿಗೆ 500 ಇದ್ದದ್ದು 600 ಆಗಿದೆ.

ಮುಳ್ಳೇರಿಯದ ಭಟ್ಟ: ನೋಡಿದಿರಾ, ಕಾಗದ ಅಂಟಿಸಿದ ಕೂಡಲೇ ದರ ಏರಿತು. ನಮ್ಮ ಕ್ಷೌರಿಕ ನೆಟಿಕೆಗೆ ಇಂದಿಗೂ ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ.