“ಮೂರೂ ನಾರ್ಮಲ್ ಬಂದ್ರೆ ಬ್ಲಾಕ್ ಇಲ್ಲ”: ಕಾರ್ಡಿಯಾಕ್ ಟೆಕ್ನಾಲಜಿ ಬ್ಯಾಚ್ ಗ್ರೂಪಿನಲ್ಲಿ

ರಾಘು: (ಹೃದಯ ತಪಾಸಣೆ ಪ್ಯಾಕೇಜಿನ ಪೋಸ್ಟರ್, ಫಾರ್ವರ್ಡ್) “ಇಸಿಜಿ, ಎಕೋ, ಟಿಎಂಟಿ ಒಂದೇ ದಿನ. ಮೂರೂ ನಾರ್ಮಲ್ ಬಂದರೆ ನಿಮಗೆ ಬ್ಲಾಕ್ ಇಲ್ಲ, ನಿಶ್ಚಿಂತೆಯಿಂದಿರಿ.”
ಎಲ್ರೂ ಊರಿನ ಗ್ರೂಪಿಗೆ ಹಾಕಿ.

ಸುಮಾ: ಎರಡನೇ ಸಾಲು ತಪ್ಪು ಕಣೋ, ಹಂಚಬೇಡ. ಟಿಎಂಟಿ, ಅಂದ್ರೆ ಬೆಲ್ಟ್ ಮೇಲೆ ಓಡಿಸಿ ತೆಗೆಯೋ ಇಸಿಜಿ, ಪಾಸಿಟಿವ್ ಬರೋಕೆ ಸಾಮಾನ್ಯವಾಗಿ ಹೃದಯದ ರಕ್ತನಾಳ 70% ಆಸುಪಾಸು ಕಟ್ಟಿರಬೇಕು. 30–40% ಪ್ಲಾಕ್ (ನಾಳದ ಗೋಡೆಯಲ್ಲಿ ಕಟ್ಟಿದ ಕೊಬ್ಬು) ಇದ್ರೆ ಎಷ್ಟು ಓಡಿಸಿದ್ರೂ ಸಾಮಾನ್ಯವಾಗಿ ಎಸ್‌ಟಿ (ರಕ್ತ ಸಾಲದಾಗ ಇಸಿಜಿಯಲ್ಲಿ ಕೆಳಗಿಳಿಯೋ ಗೆರೆ) ಇಳಿಯಲ್ಲ. ಅದೇ ಪ್ಲಾಕ್ ನಾಳೆ ಒಡೆದು ಮೇಲೆ ರಕ್ತ ಹೆಪ್ಪುಗಟ್ಟಿದ್ರೆ ನಾಳ ಪೂರ್ತಿ ಬಂದ್.

ರಾಘು: ಅದಕ್ಕೇ ಎಕೋನೂ ಇದೆಯಲ್ಲ?

ಸುಮಾ: ಎಕೋದಲ್ಲಿ ನಾಳದೊಳಗಿನ ಬ್ಲಾಕ್ ಎಲ್ಲಿ ಕಾಣುತ್ತೆ? ಗೋಡೆ ಹೇಗೆ ಕುಗ್ಗುತ್ತೆ, ವಾಲ್ವ್ ಹೇಗಿದೆ, ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳೋ ರಕ್ತದ ಶೇಕಡಾ ಪಾಲು) ಎಷ್ಟು, ಅದನ್ನ ಹೇಳುತ್ತೆ. ಸುಮ್ನೆ ಮಲಗಿದ್ದಾಗ ರಕ್ತ ಸಾಕಾಗ್ತಿದ್ರೆ ಮೂರು ನಾಳದಲ್ಲೂ ಬ್ಲಾಕ್ ಇದ್ದವರಿಗೂ ಇಎಫ್ 60 ಬರಬಹುದು.

ಫಾತಿಮಾ: ಟಿಎಂಟಿ ನಾರ್ಮಲ್ ಅಂತ ಬರೆಯೋ ಮುಂಚೆ ಎಲ್ಲಿವರೆಗೆ ಹೋದ್ರು ನೋಡ್ಬೇಕು. ಬ್ರೂಸ್ ಅನ್ನೋ ಟಿಎಂಟಿ ಕ್ರಮದಲ್ಲಿ 3 ನಿಮಿಷಕ್ಕೊಮ್ಮೆ ವೇಗ, ಏರು ಎರಡೂ ಹೆಚ್ಚುತ್ತೆ: ಮೊದಲು ಗಂಟೆಗೆ 2.7 ಕಿ.ಮೀ., 10% ಏರು. ಆಮೇಲೆ 4 ಕಿ.ಮೀ., 12%. ನಿಮಿಷದ ಎದೆಬಡಿತ, 220ರಲ್ಲಿ ವಯಸ್ಸು ಕಳೆದು ಅದರ 85% ಮುಟ್ಟಬೇಕು. 50 ವರ್ಷದವರಿಗೆ ಸುಮಾರು 145. ಮಂಡಿನೋವು ಅಂತ 110ಕ್ಕೇ ಇಳಿದವರ ರಿಪೋರ್ಟು ನಾರ್ಮಲ್ ಅಲ್ಲ, ಅಪೂರ್ಣ. ಬಡಿತ ತಗ್ಗಿಸೋ ಮೆಟೊಪ್ರೊಲಾಲ್ ಮಾತ್ರೆ ನುಂಗಿ ಬಂದವರಿಗೂ ಬಡಿತ ಅಷ್ಟು ಏರಲ್ಲ. ಮಾತ್ರೆ ನಿಲ್ಲಿಸಬೇಕೋ ಬೇಡ್ವೋ ಅವರ ಡಾಕ್ಟರೇ ಹೇಳಬೇಕು. ಎಲ್‌ಬಿಬಿಬಿ (ಹೃದಯದ ಎಡ ಭಾಗಕ್ಕೆ ವಿದ್ಯುತ್ ಸಂಕೇತ ಹೋಗೋ ದಾರಿಯಲ್ಲಿ ತಡೆ) ಇದ್ರಂತೂ ಎಸ್‌ಟಿ ಓದೋಕೇ ಬರಲ್ಲ.

ನಾಗರಾಜ: ಉಲ್ಟಾನೂ ಆಗುತ್ತೆ. ಯಾವ ತೊಂದರೆನೂ ಇಲ್ಲದ 35ರ ಹೆಣ್ಮಗಳಿಗೆ 1 ಮಿ.ಮೀ. ಎಸ್‌ಟಿ ಇಳಿದ್ರೆ ಹೆಚ್ಚಿನ ಸಲ ಅದು ಸುಳ್ಳು ಪಾಸಿಟಿವ್. ಆಮೇಲೆ ಬೇಡದ ಆಂಜಿಯೋಗ್ರಾಂ.

ರಾಘು: ಹಾಗಂತ ಪರೀಕ್ಷೆನೇ ಬೇಡ ಅಂತೀರಾ? ಸಕ್ಕರೆ ಇರೋರು, ಬೀಡಿ ಸೇದೋರು ಹೀಗಾದ್ರೂ ಆಸ್ಪತ್ರೆ ಬಾಗಿಲಿಗೆ ಬರ್ತಾರೆ. ನನಗೆ ಅದು ಮುಖ್ಯ.

ಸುಮಾ: ಬರಲಿ. ಅವರಿಗೆ ಮೊದಲು ಬಿಪಿ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ನೋಡು. ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ) ಬೇಕೋ ಬೇಡ್ವೋ ಅನ್ನೋ ಅನುಮಾನ ಇರೋರಿಗೆ ಕ್ಯಾಲ್ಸಿಯಂ ಸ್ಕೋರ್ ಸಿಟಿ, ಅಂದ್ರೆ ಹೃದಯದ ನಾಳದಲ್ಲಿ ಸೇರಿರೋ ಕ್ಯಾಲ್ಸಿಯಂ ಅಳೆಯೋ ಸ್ಕ್ಯಾನ್. ಅದಕ್ಕೆ ಡೈ ಚುಚ್ಚಬೇಕಿಲ್ಲ. ಸ್ಕೋರ್ 100 ದಾಟಿದ್ರೆ ಸ್ಟ್ಯಾಟಿನ್ ಕಡೆಗೇ ವಾಲಬೇಕು. 0 ಬಂದ್ರೆ ಸದ್ಯಕ್ಕೆ ಅಪಾಯ ಕಡಿಮೆ. ಆದ್ರೆ ಸಕ್ಕರೆ, ಬೀಡಿ ಇರೋರನ್ನ 0 ಬಂತು ಅಂತ ಕೈಬಿಡೋ ಹಾಗಿಲ್ಲ. ಕ್ಯಾಲ್ಸಿಯಂ ಸೇರದ ಮೆತ್ತನೆ ಪ್ಲಾಕ್ ಅದರಲ್ಲಿ ಕಾಣಲ್ಲ.

ಫಾತಿಮಾ: ನನಗೆ ಭಯ ಇರೋದು ಬೇರೆಯವರ ಬಗ್ಗೆ. ಈಗ್ಲೇ ಎದೆ ಹಿಂಡ್ತಿರೋರು ಇದನ್ನ ನೋಡಿ ಬಂದು ಟಿಎಂಟಿ ಸರದಿಯಲ್ಲಿ ಕೂರ್ತಾರೆ. ಅವರನ್ನ ಬೆಲ್ಟ್ ಹತ್ತಿಸಲೇಬಾರದು. 10 ನಿಮಿಷದೊಳಗೆ ಇಸಿಜಿ. ಅದು ನಾರ್ಮಲ್ ಇದ್ದು ನೋವು ನಿಲ್ಲದಿದ್ರೆ 15–30 ನಿಮಿಷಕ್ಕೆ ಮತ್ತೊಂದು, ಬೆನ್ನಿನ ಕಡೆ ಅಂಟಿಸೋ ವಿ7ರಿಂದ ವಿ9 ಲೀಡ್ ಕೂಡ. ನೋವು ಶುರುವಾದ ಮೊದಲ ಗಂಟೆಯಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಹಾನಿಯಾದ್ರೆ ರಕ್ತದಲ್ಲಿ ಏರೋ ಪ್ರೋಟೀನ್) ನೆಗೆಟಿವ್ ಇರಬಹುದು, ಎರಡನೇ ಸ್ಯಾಂಪಲ್ ಬಿಡಬಾರದು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಉಚಿತ. ಪ್ಯಾಕೇಜ್ ಹುಡುಕಿಕೊಂಡು ಸಿಟಿಗೆ ಹೋಗೋದ್ರಲ್ಲಿ ಆ ಹೊತ್ತು ಕಳೆದುಹೋಗುತ್ತೆ.

ರಾಘು: ಆ ಸಾಲು ತೆಗೀತೀನಿ. ಪೋಸ್ಟರ್ ಮಾತ್ರ ಹಾಕೇ ಹಾಕ್ತೀನಿ. ಕೆಳಗೆ “ಈಗ ಎದೆನೋವು ಇದ್ದರೆ ಇಲ್ಲಿಗೆ ಬರಬೇಡಿ, 108ಕ್ಕೆ ಕರೆ ಮಾಡಿ” ಅಂತ ಸೇರಿಸ್ತೀನಿ.

ನಾಗರಾಜ: ಕೆಳಗಲ್ಲ, ಎಲ್ಲಕ್ಕಿಂತ ಮೇಲೆ ಹಾಕು. ದಪ್ಪ ಅಕ್ಷರದಲ್ಲಿ.