ಅಪ್‌ಡೇಟ್: ತಮ್ಮನ ಮಧ್ಯಾಹ್ನದ ಜ್ವರ, ಅದು ಜ್ವರವೇ ಅಲ್ಲವಂತೆ

ಹೋದ ವಾರ ಕೇಳಿದ್ದೆನಲ್ಲ, ಕತ್ತಿನ ಹತ್ತಿರ ಬೆನ್ನುಹುರಿಗೆ ಪೆಟ್ಟಾಗಿರುವ ತಮ್ಮನಿಗೆ ಮಧ್ಯಾಹ್ನವಾದರೆ ಮೈ 38.4 ಡಿಗ್ರಿಗೆ ಏರಿ, ರಾತ್ರಿ ತಾನೇ ಇಳಿಯುತ್ತದೆ, ಯಾಕೆ ಅಂತ. ಉತ್ತರ ಸಿಕ್ಕಿತು.

ಮೊದಲು ಸೋಂಕು ಇದೆಯಾ ನೋಡಿಸಿ ಅಂದವರ ಮಾತು ಕೇಳಿದ್ದು ಒಳ್ಳೆಯದಾಯಿತು. ರಕ್ತ, ಮೂತ್ರ ಎರಡೂ ಪರೀಕ್ಷೆ ಮಾಡಿಸಿದೆವು, ಏನೂ ಇಲ್ಲ. ಪ್ಯಾರಾಸಿಟಮಾಲ್ ಮಾತ್ರ ಸುಮ್ನೆ ನುಂಗಿಸಿದ್ದಾಯಿತು. ಡಾಕ್ಟರ್ ಬಿಡಿಸಿ ಹೇಳಿದರು: ಜ್ವರ ಬಂದಾಗ ಮಿದುಳಿನ ಹೈಪೋಥಲಾಮಸ್ ತಾನೇ ಬಿಸಿಯ ಗುರಿಯನ್ನು ಏರಿಸಿಕೊಳ್ಳುತ್ತದೆ, ಮಾತ್ರೆ ಆ ಗುರಿಯನ್ನು ಇಳಿಸುತ್ತದೆ. ಇವನ ಗುರಿ 37ರ ಆಸುಪಾಸಿನಲ್ಲೇ ಇದೆ, ಆದರೆ 'ಬೆವರು' ಅನ್ನುವ ಆದೇಶ ಪೆಟ್ಟಾದ ಜಾಗ ದಾಟಿ ಕೆಳಗೆ ಹೋಗುವುದಿಲ್ಲ. ಮುಟ್ಟಿ ನೋಡಿದೆ, ಅಷ್ಟು ಸೆಕೆಯಲ್ಲೂ ಹಣೆ ಕೂಡ ಒಣ! ಮುಖ ಬೆವರಿಸುವ ನರಗಳೂ ಎದೆಯ ಮಟ್ಟದಲ್ಲಿ ಬೆನ್ನುಹುರಿಯಿಂದ ಹೊರಟು ಮತ್ತೆ ಮೇಲಕ್ಕೆ ಬರುತ್ತವಂತೆ. ಇದು ನನಗೆ ಗೊತ್ತೇ ಇರಲಿಲ್ಲ.

ಕೆಲಸ ಮಾಡಿದ್ದು ಸ್ಪ್ರೇ ಬಾಟಲಿ ಸಲಹೆ. ತೋಳು, ಎದೆ, ಕಾಲಿಗೆ ನೀರು ಚಿಮುಕಿಸಿ ಫ್ಯಾನ್ ಹಾಕಿದೆ, ಮುಕ್ಕಾಲು ಗಂಟೆಯಲ್ಲಿ 37.3. ಮಂಚವನ್ನೂ ಬಿಸಿಲು ಬೀಳುವ ಕಿಟಕಿಯಿಂದ ಸರಿಸಿದೆವು.

ಆ ಖುಷಿಯಲ್ಲಿ ರಾತ್ರಿಯಿಡೀ ಫ್ಯಾನ್ ಜೋರಾಗಿ ಬಿಟ್ಟೆ ನೋಡಿ, ಬೆಳಿಗ್ಗೆ 35.6! ಪೆಟ್ಟಾದ ಜಾಗದ ಕೆಳಗೆ ನಡುಕವೂ ಬರುವುದಿಲ್ಲ, ಹಾಗಾಗಿ ಚಳಿಯಾದರೂ ಮೈ ಬಿಸಿ ಮಾಡಿಕೊಳ್ಳಲು ಆಗುವುದಿಲ್ಲ. ಈಗ ಮಲಗುವ ಮುಂಚೆ ಹೊದಿಕೆ, ಥರ್ಮಾಮೀಟರ್ ಎರಡೂ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುತ್ತೇನೆ.