ಅಪ್‌ಡೇಟ್: ಅಮ್ಮನ ಮೂತ್ರದ ಅವಸರಕ್ಕೆ ಚಿಕಿತ್ಸೆ ಶುರುವಾಗಿದೆ

ಅಮ್ಮನಿಗೆ ಪದೇ ಪದೇ ಮೂತ್ರಕ್ಕೆ ಅವಸರವಾಗುತ್ತದೆ, ಬಾತ್‌ರೂಮ್ ತಲುಪುವಷ್ಟರಲ್ಲಿ ಸೋರುತ್ತದೆ, ಏನು ಮಾಡಬಹುದು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಯೂರಾಲಜಿಸ್ಟ್ ಹತ್ತಿರ ಹೋಗಿ ಬಂದೆವು.

ಮೂತ್ರ ಪರೀಕ್ಷೆ, ಸ್ಕ್ಯಾನ್ ಆಯಿತು. ಸೋಂಕಿಲ್ಲ, ಶುಗರ್ ಇಲ್ಲ. ಇದು ಓವರ್‌ಆಕ್ಟಿವ್ ಬ್ಲ್ಯಾಡರ್. ಮೂತ್ರಕೋಶ ತುಂಬುವ ಮೊದಲೇ ಅದರ ಸ್ನಾಯು ಹಿಂಡುತ್ತದೆ. ಕೆಮ್ಮಿದಾಗ, ಸೀನಿದಾಗ ಸೋರುವುದು ಬೇರೆ ತೊಂದರೆ, ಅದರ ಚಿಕಿತ್ಸೆಯೂ ಬೇರೆ. ಡಾಕ್ಟರ್ ಇದನ್ನು ಬಿಡಿಸಿ ಹೇಳಿದ್ದು ತುಂಬಾ ಉಪಯೋಗವಾಯಿತು.

ಈಗ ಬ್ಲ್ಯಾಡರ್ ಟ್ರೈನಿಂಗ್ ನಡೆಯುತ್ತಿದೆ. ಅವಸರವಾದ ಕೂಡಲೇ ಓಡಬಾರದು. ಕೂತು, ಮೂತ್ರ ತಡೆಹಿಡಿಯುವ ಕೆಳಗಿನ ಸ್ನಾಯು ಬಿಗಿಹಿಡಿದು, ಅವಸರ ಇಳಿದ ಮೇಲೆ ಹೋಗಬೇಕು. ಎರಡು ಸಲದ ನಡುವಿನ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ಜೊತೆಗೆ ಕೆಗಲ್ ವ್ಯಾಯಾಮ, ಅಂದರೆ ಅದೇ ಸ್ನಾಯುವನ್ನು ಬಿಗಿಹಿಡಿದು ಸಡಿಲ ಬಿಡುವುದು. ಕಾಫಿ ಕಡಿಮೆ ಮಾಡಿದ್ದಾರೆ, ಪಾಪ, ಅದೇ ಅವರಿಗೆ ಕಷ್ಟ. ಸೋರುತ್ತದೆ ಅಂತ ನೀರು ಮಾತ್ರ ಬಿಡಬಾರದು. ಮೂತ್ರ ಗಟ್ಟಿಯಾದರೆ ಕಿರಿಕಿರಿ ಇನ್ನೂ ಜಾಸ್ತಿ.

ಮಾತ್ರೆ ಮಿರಾಬೆಗ್ರಾನ್ 25 ಎಂಜಿ. ಇದೇ ತೊಂದರೆಗೆ ಕೊಡುವ ಆಕ್ಸಿಬ್ಯುಟಿನಿನ್ ಥರದ ಬೇರೆ ಮಾತ್ರೆಗಳು ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ವಯಸ್ಸಾದವರ ನೆನಪಿಗೂ ತೊಂದರೆ ಕೊಡಬಹುದು. ಅದಕ್ಕೇ ಡಾಕ್ಟರ್ ಮಿರಾಬೆಗ್ರಾನ್ ಆರಿಸಿದರು. ಬಿಪಿ ಮಾತ್ರ ಆಗಾಗ ನೋಡಿಸಬೇಕು. ಇದೂ ಸಾಲದಿದ್ದರೆ ಮೂತ್ರಕೋಶಕ್ಕೆ ಬೊಟಾಕ್ಸ್ ಇಂಜೆಕ್ಷನ್, ಅಥವಾ ಪಾದದ ಕೀಲಿನ ಬಳಿಯ ನರಕ್ಕೆ ಸಣ್ಣಗೆ ಕರೆಂಟ್ ಕೊಡುವ ಚಿಕಿತ್ಸೆ ಇದೆಯಂತೆ.

ರಾತ್ರಿ ಏಳುವುದು ಕಡಿಮೆಯಾಗಿದೆ. ಸೋರುವುದು ಪೂರ್ತಿ ನಿಂತಿಲ್ಲ. ವ್ಯಾಯಾಮದ ಫಲ ಕಾಣಲು 3 ತಿಂಗಳಾದರೂ ಬೇಕಂತೆ, ಮುಂದುವರಿಸುತ್ತಿದ್ದೇವೆ.